ಎಷ್ಟು ಲೀಟರ್ ಡೀಸೆಲ್?

ಪಕ್ಷ ಯಾವುದೇ ಇರಲಿ, ಸದನದ ಹಿಂಭಾಗದ ಉದ್ದನೆಯ ಓಣಿಯಲ್ಲಿ ಕೊಕ್ಕೆ ಅಕ್ಕನನ್ನು ಅರಿಯದವರು ಇರಲಿಲ್ಲ. ವಿರೋಧ ಪಕ್ಷದ ಸದಸ್ಯರೊಬ್ಬರ ಕಚೇರಿಯಲ್ಲಿ ಆಕೆಗೆ ಕೆಲಸ. ಸದಸ್ಯರು ಮಂತ್ರಿಗಳಿಗೆ ಕಳಿಸುವ ಲಿಖಿತ ಪ್ರಶ್ನೆಗಳನ್ನು ಸಿದ್ಧಪಡಿಸುವುದೇ ಆ ಕೆಲಸ. ಭಾಷಣಕ್ಕೆ ಮಂತ್ರಿಗಳು ಭಾಷಣದಿಂದಲೇ ಉತ್ತರ ಕೊಟ್ಟು ಕೈತೊಳೆದುಕೊಳ್ಳಬಹುದು. ಲಿಖಿತ ಪ್ರಶ್ನೆಗೆ ಮಾತ್ರ ಗೊತ್ತುಪಡಿಸಿದ ದಿನ ಬರವಣಿಗೆಯಲ್ಲೇ ಉತ್ತರ ಕೊಡಬೇಕು. ಅದು ಅಚ್ಚಾಗಿ ಎಲ್ಲರ ಮೇಜಿಗೂ ಬರುತ್ತದೆ. ಸುಳ್ಳೆಂದು ತಿಳಿದರೆ ಮಂತ್ರಿಯ ಕುರ್ಚಿಯೇ ಅಲುಗಾಡುತ್ತದೆ. ಆದ್ದರಿಂದ ಇಲಾಖೆಯವರು ಸುಳ್ಳು ಬರೆಯುವುದಿಲ್ಲ, ಜಾರಿಕೊಳ್ಳುತ್ತಾರೆ. ಜಾರದಂತೆ ಹಿಡಿಯುವುದೇ ಅಕ್ಕನ ಕಸುಬು. ಹೆಸರು ಅಂಟಿಕೊಂಡದ್ದೂ ಅಲ್ಲಿಂದಲೇ.

ಚಿಕ್ಕ ವಯಸ್ಸಿನಲ್ಲಿ ಆಕೆ ನ್ಯಾಯಾಲಯದಲ್ಲಿ ಬೆರಳಚ್ಚು ಮಾಡುತ್ತಿದ್ದಳು. ವಕೀಲರು ಸಾಕ್ಷಿಯನ್ನು ಮೂಲೆಗೆ ತಳ್ಳುವುದನ್ನೂ ಸಾಕ್ಷಿ ಮೀನಿನಂತೆ ನುಣುಚಿಕೊಳ್ಳುವುದನ್ನೂ ವರ್ಷಗಟ್ಟಲೆ ಕೇಳಿದವಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಸಾಕಲು ಈ ಕೆಲಸಕ್ಕೆ ಬಂದಳು. ಮನೆಯಲ್ಲೂ ಅದೇ ಚಾಳಿ. "ನಮ್ಮಮ್ಮ ಶಾಲೆಗೆ ಹೋಗಿದ್ಯಾ ಅಂತ ಕೇಳೋದೇ ಇಲ್ಲ ಕಣ್ರೇ. ಇವತ್ತು ಮೇಷ್ಟ್ರು ಯಾವ ಬಣ್ಣದ ಅಂಗಿ ಹಾಕಿದ್ರು ಅಂತ ಕೇಳ್ತಾಳೆ" ಎಂದು ಮಗಳು ಗೆಳತಿಯರ ಮುಂದೆ ನಗುತ್ತಿದ್ದಳು.

ಆ ಮಗಳು ಮದುವೆಯಾಗಿ ದೂರದ ಸಣ್ಣ ಊರೊಂದರಲ್ಲಿದ್ದಳು. ಈಗ ಏಳು ತಿಂಗಳ ಬಸುರಿ. ರಕ್ತದೊತ್ತಡ ಏರಿ, ಪ್ರಯಾಣ ಕೂಡದೆಂದು ಹೇಳಿ ವೈದ್ಯರು ಅವಳನ್ನು ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲೇ ಮಲಗಿಸಿದ್ದರು. ಆ ಊರಿಗೆ ಇದ್ದದ್ದು ಅದೊಂದೇ ಆಸ್ಪತ್ರೆ. ಒಂದು ದಿನ ಮಗಳು ಫೋನ್ ಮಾಡಿದಳು.

"ಅಮ್ಮಾ, ನಿನ್ನೆ ಕರೆಂಟ್ ಹೋದಾಗ ಎಳೇ ಮಕ್ಕಳನ್ನ ಬೆಚ್ಚಗಿಡೋ ಮಿಷನ್ ಎಲ್ಲಾ ನಿಂತುಹೋಯ್ತು. ನರ್ಸುಗಳು ಟಾರ್ಚ್ ಹಿಡ್ಕೊಂಡು ಓಡಾಡ್ತಿದ್ರು."

"ಜನರೇಟರ್ ಇಲ್ವೇನೇ?"

"ಇದೆ. ಹಿಂದಿನ ಅಂಗಳದಲ್ಲಿ. ಅದರ ಮೇಲೆ ಬಟ್ಟೆ ಒಣಗಹಾಕ್ತಾರೆ."

ಅಕ್ಕ ಅಂದೇ ಆರೋಗ್ಯ ಮಂತ್ರಿಗಳಿಗೆ ಪ್ರಶ್ನೆ ಬರೆದಳು. ಅ) ಜನರೇಟರ್ ಇಲ್ಲದ ಸರ್ಕಾರಿ ಆಸ್ಪತ್ರೆಗಳಿವೆಯೇ? ಆ) ಇದ್ದಲ್ಲಿ ಅವು ಯಾವುವು? ಇ) ಅದರಿಂದ ರೋಗಿಗಳಿಗೆ ಆಗಿರುವ ತೊಂದರೆಯೇನು? ಈ) ಯಾವಾಗ ಒದಗಿಸಲಾಗುವುದು? ಬಂದ ಉತ್ತರ ಒಂದೇ ಉಸಿರಿನದು: "ಅ) ಇಲ್ಲ. ಆ), ಇ), ಈ) ಉದ್ಭವಿಸುವುದಿಲ್ಲ."

ಜನರೇಟರ್ ಇಲ್ಲದ ಆಸ್ಪತ್ರೆಯೇ ಇರಲಿಲ್ಲ. ಬಹುತೇಕ ಕಡೆ ಓಡುವ ಜನರೇಟರ್ ಇರಲಿಲ್ಲ, ಅಷ್ಟೆ. ಉಳಿದ ಮೂರನ್ನೂ ಆಕೆ ಮೊದಲನೆಯದರ ಕೊರಳಿಗೆ ಕಟ್ಟಿದ್ದಳು. ಅದು ಮುಳುಗಿದಾಗ ಎಲ್ಲವೂ ಮುಳುಗಿದವು. ಹೊಸದಾಗಿ ಸೇರಿದವರಿಗೆ ಆಕೆಯೇ ಕಲಿಸುತ್ತಿದ್ದ ಮೊದಲ ಪಾಠವದು: ಒಂದು ಪ್ರಶ್ನೆಯನ್ನು ಇನ್ನೊಂದಕ್ಕೆ ಆನಿಸಬೇಡಿ.

"ಅಕ್ಕಾ, ಇದು ನಿಮ್ಮ ಕೈಯಿಂದ ಬಂದಿದ್ದಾ?" ಎಂದು ಸದಸ್ಯರು ಕಾಗದವನ್ನು ಮೇಜಿನ ಮೇಲೆ ಒಗೆದರು.

"ಭಯದಲ್ಲಿ ಬರೆದೆ ಸಾರ್."

ಅಧಿವೇಶನ ಮುಗಿಯಲು ಬಂದಿತ್ತು. ಇನ್ನೊಂದು ಪ್ರಶ್ನೆ ಕೊಡಲು ಅಂದೇ ಕಡೆಯ ದಿನ. ಸದಸ್ಯರು ಕೋಣೆಯ ತುಂಬ ಅಡ್ಡಾಡುತ್ತಾ, "ಬರ್ಕೊಳ್ಳಿ. ಆರೋಗ್ಯ ಮಂತ್ರಿಗಳಿಗೆ ನಾಚಿಕೆ ಇದೆಯೇ?" ಎಂದರು.

"ಬರೀಬಹುದು ಸಾರ್. ಪ್ರಶ್ನೆ ಶಾಖೆಯವರು ಅದನ್ನ ಬಾಗಿಲಲ್ಲೇ ವಾಪಸ್ ಕಳಿಸ್ತಾರೆ. ಅಕಸ್ಮಾತ್ ಬಿಟ್ರೂ, 'ಇದೆ' ಅಂತ ಉತ್ತರ ಬರುತ್ತೆ."

ಸದಸ್ಯರು ನಗಲಿಲ್ಲ, ಕುಳಿತರು. ಅಕ್ಕ ಒಂದೇ ಸಾಲು ಬರೆದು ಮುಂದಿಟ್ಟಳು: "ಪ್ರತಿಯೊಂದು ಸರ್ಕಾರಿ ಆಸ್ಪತ್ರೆಯ ಜನರೇಟರಿಗೆ ಕಳೆದ ಒಂದು ವರ್ಷದಲ್ಲಿ ಎಷ್ಟು ಲೀಟರ್ ಡೀಸೆಲ್ ಕೊಳ್ಳಲಾಗಿದೆ? ಆಸ್ಪತ್ರೆವಾರು ತಿಳಿಸುವುದು."

"ಇಷ್ಟೇನಾ?"

"ಎಣ್ಣೆ ಕುಡೀದೇ ಇರೋ ಇಂಜಿನ್ ಓಡಲ್ಲ ಸಾರ್. 'ಇದೆ' ಅಂತಲೂ 'ಇಲ್ಲ' ಅಂತಲೂ ಇದಕ್ಕೆ ಬರೆಯೋಕಾಗಲ್ಲ."

ಸದಸ್ಯರು ರುಜು ಹಾಕಿದರು. ಅಕ್ಕ ಸೀರೆಯ ನೆರಿಗೆ ಎತ್ತಿ ಹಿಡಿದು ಓಣಿಯುದ್ದಕ್ಕೂ ಓಡಿದಳು. ಪ್ರಶ್ನೆ ಶಾಖೆಯ ಕಿಟಕಿ ಮುಚ್ಚುತ್ತಿದ್ದ ಗುಮಾಸ್ತನು, "ಏನಕ್ಕಾ, ಬೆಂಕಿ ಬಿದ್ದಿದೆಯಾ?" ಎಂದು ಕೇಳುತ್ತಲೇ ಮೊಹರು ಒತ್ತಿದನು.

ಪ್ರಶ್ನೆ ಸ್ವೀಕೃತವಾದ ಸುದ್ದಿ ಹರಡಿದ ಮೇಲೆ ಮಂತ್ರಿಗಳ ಆಪ್ತ ಸಹಾಯಕ ಎರಡು ಕಪ್ ಚಹಾ ಹಿಡಿದುಕೊಂಡು ಅಕ್ಕನ ಮೇಜಿಗೇ ಬಂದನು. ಹಿಂದೊಮ್ಮೆ ಇದೇ ಕೋಣೆಯಲ್ಲಿ ಆಕೆಯ ಕೈಕೆಳಗೆ ಕೆಲಸ ಕಲಿತವನು.

"ಎಂಥ ಪ್ರಶ್ನೆ ಹಾಕಿದೀರಿ ಅಕ್ಕಾ! ನಮ್ಮ ಸಾಹೇಬರಿಗೆ ಊಟ ಸೇರ್ತಿಲ್ಲ."

"ಒಳ್ಳೇದೇ ಆಯ್ತು. ಅವರಿಗೆ ಪಥ್ಯ ಬೇಕಾಗಿತ್ತು."

ಅವನು ನಕ್ಕನು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡನು. "ಅಕ್ಕಾ, ನಿಮ್ಮ ಮಗಳು ಎಲ್ಲಿದಾಳೆ ಅಂತ ನನಗೆ ಗೊತ್ತು. ಪ್ರಶ್ನೆ ಹಿಂದಕ್ಕೆ ತಗೊಂಡಿದೀವಿ ಅಂತ ಒಂದು ಸಾಲು ಬರೆಸಿಕೊಡಿ. ನಾಳೆ ಬೆಳಿಗ್ಗೆ ಆ ಆಸ್ಪತ್ರೆ ಮುಂದೆ ಜನರೇಟರ್ ಬಂದು ನಿಲ್ಲುತ್ತೆ. ಓಡೋ ಜನರೇಟರ್."

ಇಂಥ ವ್ಯವಹಾರ ಆ ಓಣಿಗೆ ಹೊಸದಲ್ಲ. ಪ್ರಶ್ನೆ ಹಿಂತೆಗೆದುಕೊಳ್ಳುವುದು, ಕೆಲಸ ಮಾಡಿಸಿಕೊಳ್ಳುವುದು, ಇಬ್ಬರೂ ಸುಮ್ಮನಿರುವುದು. "ನಿಮ್ಮ ಪ್ರಶ್ನೆ ಅಕ್ಕಾ, ನಿಮ್ಮಿಷ್ಟ" ಎಂದು ಸದಸ್ಯರೂ ಎಲ್ಲವನ್ನೂ ಆಕೆಗೇ ಬಿಟ್ಟಿದ್ದರು. ಅಕ್ಕ ಹೂಂ ಎನ್ನಲು ತುಟಿ ತೆರೆದಾಗ ನಾಲಗೆಯ ಹಳೆಯ ಚಾಳಿ ಅಡ್ಡ ಬಂತು.

"ಎಲ್ಲಿಂದ ತರ್ತೀಯ?"

"ಎಲ್ಲಿಂದಾದ್ರೇನಕ್ಕಾ?"

"ಎಲ್ಲಿಂದ?"

ಅವನು ಚಹಾದ ಕಪ್ಪನ್ನು ತಿರುಗಿಸುತ್ತಾ ಕುಳಿತನು. "ಪಕ್ಕದೂರಿನ ಆಸ್ಪತ್ರೆಯಿಂದ. ಆ ಕಡೆ ಓಡ್ತಿರೋದು ಅದೊಂದೇ."

"ಅಲ್ಲಿ ಹೆರಿಗೆ ಆಗಲ್ವೇನೋ?"

ಅವನು ಕಪ್ಪನ್ನು ಮೇಜಿನ ಮೇಲಿಟ್ಟು ತಗ್ಗಿದ ದನಿಯಲ್ಲಿ, "ನೀವೇ ಕಲಿಸಿದ ಕೆಲಸ, ನಿಮಗೆ ಗೊತ್ತಿಲ್ಲದ್ದೇನಿದೆ. ಪ್ರಶ್ನೆ ಉಳಿದ್ರೆ, 'ಈಗ ಸರಿಪಡಿಸಲಾಗಿದೆ' ಅಂತ ಒಂದು ಸಾಲು ಸೇರಿಸೋಕಾದ್ರೂ ಊರೂರಿಗೆ ಮೆಕ್ಯಾನಿಕ್ ಓಡ್ತಾರೆ. ಆದ್ರೆ ಯಾವ ಊರು ಮೊದಲು ಅನ್ನೋದು ನನ್ನ ಕೈಲಿಲ್ಲ. ಸಾಹೇಬರು ಸಿಟ್ಟಲ್ಲಿದಾರೆ. ನಿಮ್ಮ ಮಗಳ ಊರು ಕೊನೆಗೇ ಬರೋದು" ಎಂದನು. ಅದು ಬೆದರಿಕೆಯಲ್ಲ, ಅವನ ಕಣ್ಣಲ್ಲಿ ನೀರಿತ್ತು.

"ಸಂಜೆ ಹೇಳ್ತೀನಿ, ಹೋಗು."

ಅವನು ಹೋದ ಮೇಲೆ ಅಕ್ಕ ಫೋನ್ ಎತ್ತಿದಳು, ಮಗಳ ಸಂಖ್ಯೆಯನ್ನು ಅರ್ಧ ಒತ್ತಿದಳು. ಮಲಗಿರುವ ಹುಡುಗಿ, ರಕ್ತದೊತ್ತಡ ಬೇರೆ. ಅವಳ ತಲೆಯ ಮೇಲೆ ಈ ಕಲ್ಲನ್ನೇಕೆ ಹೊರಿಸಬೇಕು? ಫೋನ್ ಕೆಳಗಿಟ್ಟಳು. ಮತ್ತೆ ಎತ್ತಿದಳು, ಮತ್ತೆ ಇಟ್ಟಳು. ಪಕ್ಕದೂರಿನ ವಾರ್ಡಿನಲ್ಲಿ ಮಲಗಿರುವ, ಮುಖ ಕಾಣದ ಯಾರದೋ ಮಗಳು ಮೇಜಿನ ಎದುರು ಬಂದು ಕುಳಿತಂತಿತ್ತು. ಸಂಜೆ ಸಹಾಯಕನಿಗೆ ಒಂದೇ ಮಾತು ಹೇಳಿದಳು: "ಪ್ರಶ್ನೆ ಇರ್ಲಿ ಬಿಡು." ಆಮೇಲೆ ರಜೆಯ ಅರ್ಜಿ ಬರೆದುಕೊಟ್ಟು ಮಗಳ ಊರಿನ ಬಸ್ಸು ಹತ್ತಿದಳು.

ಆಸ್ಪತ್ರೆಯಲ್ಲಿ ದಿನವೂ ಬೆಳಿಗ್ಗೆ ಎದ್ದೊಡನೆ ಆಕೆ ಹಿಂದಿನ ಅಂಗಳಕ್ಕೆ ಹೋಗಿ ನೋಡುತ್ತಿದ್ದಳು. ಜನರೇಟರಿನ ಮೇಲೆ ಹಾಸಿಗೆಯ ಬಟ್ಟೆಗಳು ಒಣಗುತ್ತಿದ್ದವು. "ಎರಡು ಊರಾಚೆ ಮೆಕ್ಯಾನಿಕ್ ಬಂದಿದ್ರಂತೆ. ಟ್ಯಾಂಕ್ ತುಂಬ ಡೀಸೆಲ್ ಹಾಕಿಸಿ ಹೋದ್ರಂತೆ. ಅದೇನು ದೇವರಿಗೆ ಬುದ್ಧಿ ಬಂತೋ" ಎಂದಳು ಹಿರಿಯ ನರ್ಸು.

ಉತ್ತರ ಬರಬೇಕಾದ ದಿನವೇ, ತಿಂಗಳು ತುಂಬುವ ಮೊದಲೇ, ಮಗಳಿಗೆ ಶಸ್ತ್ರಚಿಕಿತ್ಸೆ ಮಾಡಿ ಮಗುವನ್ನು ಹೊರತೆಗೆದರು. ಹೆಣ್ಣು ಮಗು, ಅಂಗೈಯಗಲ. ಅದನ್ನು ಬೆಚ್ಚಗಿಡುವ ಮಿಷನ್ನಿನ ಕೆಳಗೆ ಮಲಗಿಸಿದರು. ಮಧ್ಯಾಹ್ನ ಮಿಷನ್ನಿನ ಕೆಂಪು ಬೆಳಕು ಒಮ್ಮೆ ಮಿಣುಕಿ ಆರಿಹೋಯಿತು. ಫ್ಯಾನು ತಿರುಗಿ ತಿರುಗಿ ನಿಂತಿತು. ಹೊರಗೆ ಮಳೆಗಾಳಿ ಬೀಸುತ್ತಿತ್ತು.

"ಅಜ್ಜಿ, ರವಿಕೆ ಗುಂಡಿ ಬಿಚ್ಚಿ. ಬೇಗ!" ಎಂದು ನರ್ಸು ಮಗುವನ್ನು ಅಕ್ಕನ ಎದೆಯ ಮೇಲೆ, ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟು ಮೇಲೆ ಕಂಬಳಿ ಸುತ್ತಿದಳು. "ಮಗುವಿನ ತಾಯಿಗೆ ಇನ್ನೂ ನಡುಕ ನಿಂತಿಲ್ಲ. ನಿಮ್ಮ ಮೈ ಕಾವೇ ಈಗ ಮಿಷನ್. ಅಲ್ಲಾಡ್ಬೇಡಿ. ಕಾಲು ತಣ್ಣಗಾದ್ರೆ ಕೂಗಿ."

ಅಕ್ಕ ಅಲ್ಲಾಡಲಿಲ್ಲ. ಆ ಪುಟ್ಟ ಕಾಲುಗಳನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಳು. ಮೊದಲು ಅವು ಬೆಚ್ಚಗಿದ್ದವು. ಆಮೇಲೆ ಅಷ್ಟೊಂದು ಬೆಚ್ಚಗಿರಲಿಲ್ಲ. ಕೂಗಿದಳು. ನರ್ಸು ಬಂದು ಇನ್ನೊಂದು ಕಂಬಳಿ ಹೊದಿಸಿ, ಮಗುವಿನ ಬೆನ್ನುಜ್ಜಿ, ಇನ್ನೊಂದು ಮಗುವಿನ ಬಳಿಗೆ ಓಡಿದಳು. ಎದೆಯ ಮೇಲಿನ ಉಸಿರು ಒಂದೊಂದು ಸಲ ನಿಂತಂತಾಗಿ ಮತ್ತೆ ಬರುತ್ತಿತ್ತು. ಪ್ರತಿ ಸಲವೂ ಅಕ್ಕ ತನ್ನ ಉಸಿರನ್ನೂ ಹಿಡಿದಳು.

ಹೊತ್ತು ಇಳಿಯುವಾಗ ದೀಪ ಬಂತು. ನರ್ಸು ಮಗುವನ್ನು ಎತ್ತಿಕೊಂಡು ಕಿವಿಗೊಟ್ಟು ಕೇಳಿ, "ಗಟ್ಟಿ ಪಿಂಡ" ಎಂದು ನಕ್ಕು ಮಿಷನ್ನಿನ ಕೆಳಗೆ ಮಲಗಿಸಿದಳು. ಅಷ್ಟರಲ್ಲಿ ಅಕ್ಕನ ಫೋನು ಬಡಿದುಕೊಂಡಿತು.

"ಅಕ್ಕಾ! ಉತ್ತರ ಬಂತು! ಪುಟದ ತುಂಬಾ ಸೊನ್ನೆ!" ಸದಸ್ಯರು ಕೂಗುತ್ತಿದ್ದರು. "ಸರಿಪಡಿಸಿದ್ದು ಅಂತ ಒಂದು ಪಟ್ಟಿಯನ್ನೂ ಹಚ್ಚಿದಾರೆ. ಮಿಕ್ಕಿದ್ದನ್ನ ಈ ತಿಂಗಳೊಳಗೆ ಮಾಡ್ತೀವಿ ಅಂತ ಬರ್ಕೊಟ್ಟಿದಾರೆ, ಅಕ್ಕಾ, ಬರ್ಕೊಟ್ಟಿದಾರೆ!"

"ಈಗ ಬೇಡ ಸಾರ್" ಎಂದು ಆಕೆ ಫೋನ್ ಇಟ್ಟಳು.

ಮಗಳು ಕಣ್ಣು ಬಿಟ್ಟಿದ್ದಳು. "ಏನಮ್ಮಾ ಅದು?"

ಮುಚ್ಚಿಡಲು ಅಕ್ಕನಿಗೆ ಮನಸ್ಸು ಬರಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕುಳಿತು ಎಲ್ಲವನ್ನೂ ಹೇಳಿದಳು. ಪಕ್ಕದೂರಿನ ಜನರೇಟರ್, ಚಹಾ ತಂದ ಸಹಾಯಕ, ಇರಲಿ ಬಿಡು ಎಂದದ್ದು.

"ಒಪ್ಪಿಕೊಂಡಿದ್ರೆ ಇವತ್ತು ಇಲ್ಲಿ ಇರ್ತಿತ್ತಾ?"

"ಇರ್ತಿತ್ತು."

ಮಗಳು ಮಿಷನ್ನಿನ ಕಡೆಗೆ ಮುಖ ತಿರುಗಿಸಿ ಬಹಳ ಹೊತ್ತು ಮಗುವನ್ನೇ ನೋಡಿದಳು. "ಊರಿಗೆಲ್ಲಾ ಪ್ರಶ್ನೆ ಕೇಳ್ತೀಯ. ನನ್ನನ್ನ ಒಂದು ಮಾತು ಕೇಳ್ಬೇಕಾಗಿತ್ತು."

"ಕೇಳಿದ್ರೆ ಏನಂತಿದ್ದೆ?"

"ಈಗ ಕೇಳ್ಬೇಡಮ್ಮಾ."

ಅಕ್ಕ ಕೇಳಲಿಲ್ಲ. ಬಿಚ್ಚಿದ ಗುಂಡಿಗಳನ್ನು ಹಾಕಿಕೊಳ್ಳಲೂ ಮರೆತು, ಮಗಳ ಕಾಲಿನ ಮೇಲೆ ಕೈಯಿಟ್ಟುಕೊಂಡು ಕುಳಿತಳು. ಮಗಳು ಕಾಲನ್ನು ಎಳೆದುಕೊಳ್ಳಲಿಲ್ಲ.