ಸೀರೆಗೆ ಟಾಟಾ ಮಾಡಿದ ಹುಡುಗಿ

ಹೋದ ತಿಂಗಳು ನಮ್ಮ ಪಕ್ಕದ ಮನೆಯ ಧನ್ಯ ಒಂದು ಸೀರೆಗೆ ಟಾಟಾ ಮಾಡಿದಳು.

ತಮಾಷೆಗಲ್ಲ. ತೋಳೆತ್ತಿ, ಪೂರ್ತಿ ಪ್ರೀತಿಯಿಂದ.

ಧನ್ಯಳಿಗೆ ಎಂಟು ವರ್ಷ. ಲೋಕೇಶ, ಸುಮಾ ದಂಪತಿಯ ಒಬ್ಬಳೇ ಮಗಳು. ಹೆತ್ತೂರಿನ ಹತ್ತಿರ ಅವರದೂ ನಮ್ಮದೂ ಅಕ್ಕಪಕ್ಕದ ಸಣ್ಣ ಕಾಫಿ ತೋಟ. ಹಾಸ್ಟೆಲ್ಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದವಳು ನಾನು. ಈ ವಯಸ್ಸಿನಲ್ಲೂ ಬೆಳಗಿನ ವಾಕಿಂಗ್ ತಪ್ಪಿಸುವುದಿಲ್ಲ. ಹೇಗೂ ಹೋಗುತ್ತೀರಲ್ಲ ಎಂದು ಸುಮಾ ಮಗಳನ್ನು ಶಾಲೆಯ ಬಸ್ಸಿಗೆ ಹತ್ತಿಸುವ ಕೆಲಸ ಕೊಟ್ಟಳು. ಬಸ್ಸಿಗಿಂತ ಮೊದಲೇ ನಾವು ಸ್ಟಾಪಿನಲ್ಲಿರಬೇಕು ಎನ್ನುವ ನನ್ನ ಶಿಸ್ತಿಗೆ ಧನ್ಯ ಕೊಟ್ಟ ಬಿರುದು, ಟೈಮ್ ಅಜ್ಜಿ.

ಸ್ಟಾಪಿನಿಂದ ನೋಡಿದರೆ ಕೆಳಗೆ ಗದ್ದೆ. ಗದ್ದೆಯಾಚೆ ದಿಬ್ಬದ ಮೇಲೆ ಅವರ ಮನೆ, ಮನೆಯೆದುರು ಕಾಫಿ ಒಣಗಿಸುವ ಕಣ. ಬಸ್ಸಿನ ಸದ್ದು ಕೇಳಿದೊಡನೆ ಸುಮಾ ಕಣದ ತುದಿಗೆ ಬಂದು ಕೈ ಬೀಸುತ್ತಾಳೆ. ಇವಳು ಇಲ್ಲಿಂದ ಬೀಸುತ್ತಾಳೆ. ಮಂಜಿನ ದಿನಗಳಲ್ಲಿ ಯಾರಿಗೂ ಯಾರೂ ಕಾಣುವುದಿಲ್ಲ. ಆದರೂ ಬೀಸುತ್ತಾರೆ. (ಎದುರು ಬಂದವರ ಮುಖ ಕಾಣದಿದ್ದರೂ ‘ಕಾಫಿ ಆಯ್ತಾ?’ ಎಂದು ಕೇಳಿಯೇ ಮುಂದೆ ಹೋಗುವ ಜನ ನಾವು.)

ಆವತ್ತು ಮಂಜಿರಲಿಲ್ಲ. ಆಕಾಶ ತೊಳೆದಿಟ್ಟ ಹಾಗಿತ್ತು. ಕೊಯ್ಲಿನ ಆಳುಗಳು ಬೇಗ ಬಂದದ್ದರಿಂದ ಸುಮಾ ತೋಟಕ್ಕೆ ಹೋಗಿದ್ದಳು. ಕಣದ ಬದಿಯ ತಂತಿಯ ಮೇಲೆ ಅವಳ ಕೆಂಪು ಸೀರೆ ಗಾಳಿಗೆ ಆಡುತ್ತಿತ್ತು.

ಧನ್ಯ ಕೈ ಬೀಸಿದಳು.

“ಅಮ್ಮ ಇವತ್ತು ಕೆಂಪು ಸೀರೆ ಉಟ್ಕಂಡವ್ಳೆ ಕಣಜ್ಜಿ!”

“ಅಮ್ಮ ಎಲ್ಲೇ? ಅದು ಒಣಗ್ಹಾಕಿರೋ ಸೀರೆ.”

“ಹೋಗಜ್ಜಿ, ಮಂಜಲ್ಲಿ ನಿಂಗೆ ಸರಿಯಾಗ್ ಕಾಣಾಕಿಲ್ಲ.”

“ಮಂಜು ಎಲ್ಲೈತೆ?”

“ಅಲ್ಲೇ. ದಿನಾ ಇರ್ತದಲ್ಲ!”

ಬಿಸಿಲಿನಲ್ಲೂ ಈ ಮಗುವಿನ ಪಾಲಿಗೆ ಮಂಜು ಸರಿದಿರಲಿಲ್ಲ. ನಮ್ಮೂರಿನಲ್ಲಿ ‘ಏನೂ ಕಾಣಾಕಿಲ್ಲ’ ಎಂದು ಮಗು ಹೇಳಿದರೆ ಯಾರು ತಾನೇ ಅನುಮಾನಪಡುತ್ತಾರೆ? ‘ಮಂಜು ಕಣೆ’ ಎಂದು ಎಲ್ಲರೂ ತಲೆಯಾಡಿಸಿರುತ್ತಾರೆ.

ಸಂಜೆ ಅವರ ಮನೆಗೆ ಹೋಗಿ ಸೀರೆಯ ವಿಷಯ ಹೇಳಿ, ಮಗುವಿನ ಕಣ್ಣು ಡಾಕ್ಟರಿಗೆ ತೋರಿಸಿ ಎಂದೆ. ಲೋಕೇಶ ಒಪ್ಪಲಿಲ್ಲ.

“ನಮ್ ವಂಶದಲ್ಲೇ ಯಾರೂ ಕನ್ನಡಕ ಹಾಕಿಲ್ಲ ಕಣಮ್ಮಾ. ಟಿವಿಗೆ ಮುಖ ಒತ್ಕಂಡು ಕೂತ್ಕತಾಳೆ. ದಿನಾ ಬೈದು ಹಿಂದಕ್ಕೆ ಎಳೀತೀನಿ. ಎಲ್ಲಾ ಕೊಬ್ಬು.”

ಅವನ ತಾಯಿ ಒಳಗಿನಿಂದಲೇ ಔಷಧ ಹೇಳಿದರು. “ಹೊನಗೊನ್ನೆ ಸೊಪ್ಪು ತಿನ್ಸಿ. ಈಗ್ಲೇ ಗ್ಲಾಸ್ ಹಾಕ್ಬುಟ್ರೆ ನಾಳೆ ಯಾವನ್ ಮದ್ವೆ ಆಯ್ತಾನೆ?”

“ಮೂರನೇ ಕ್ಲಾಸಿನ ಹುಡುಗಿಗೆ ಈಗ್ಲೇ ಗಂಡು ಹುಡುಕ್ತಿದ್ದೀರಾ? ಮೊದಲು ಬೋರ್ಡ್ ಮೇಲಿನ ಲೆಕ್ಕ ಕಾಣಲಿ” ಎಂದೆ.

ಸುಮಾ ಮೆಲ್ಲಗೆ ಕೇಳಿದಳು.

“ಅಂದ್ರೆ, ಇಷ್ಟು ದಿನ ಅವ್ಳು ನನ್ ನೋಡೇ ಇರ್ಲಿಲ್ವಾ?”

ಲೋಕೇಶ ಎದ್ದು ಟಿವಿ ಆರಿಸಿದ. “ನಾಳೆ ಬೆಳಿಗ್ಗೆ ಸಕಲೇಶಪುರಕ್ಕೆ ಹೋಗ್ಬರಾಣ” ಎಂದ.

ನಾನೂ ಜೊತೆಗೆ ಹೋದೆ. ಕಣ್ಣಿನ ಡಾಕ್ಟರ್ ಅಕ್ಷರದ ಬೋರ್ಡ್ ತೋರಿಸಿದರು. ಮೇಲಿನ ದೊಡ್ಡ ಅಕ್ಷರವನ್ನು ಧನ್ಯ ಜಾಣೆಯಂತೆ ಓದಿದಳು. ಅದರ ಕೆಳಗಿನದೆಲ್ಲ ಏನಮ್ಮ ಎಂದರೆ, “ಮಂಜು.”

ಡಾಕ್ಟರ್ ನಗಲಿಲ್ಲ. “ಮಕ್ಕಳು ಕಾಣಲ್ಲ ಅಂತ ಹೇಳಲ್ಲ. ಎಲ್ಲರಿಗೂ ಹೀಗೇ ಕಾಣುತ್ತೆ ಅಂದ್ಕೊಂಡಿರ್ತಾವೆ. ಬಲಗಣ್ಣು ಜಾಸ್ತಿ ವೀಕ್ ಇದೆ. ಹೀಗೇ ಬಿಟ್ಟಿದ್ರೆ ಆ ಕಣ್ಣು ನೋಡೋದನ್ನೇ ಕಲೀತಿರಲಿಲ್ಲ. ಚಿಕ್ಕವಳಿದ್ದಾಗಲೇ ಬಂದಿರಿ, ಒಳ್ಳೇದಾಯ್ತು.”

ಲೋಕೇಶ ಮಗಳ ತಲೆ ಸವರುತ್ತ ಕೂತುಬಿಟ್ಟ. ಟಿವಿ ಮುಂದಿನಿಂದ ಅವಳನ್ನು ಎಳೆದು ಕೂರಿಸಿದ ಕೈ ಅದು.

ಅವನೊಬ್ಬನನ್ನೇ ಏಕೆ ಅನ್ನಲಿ? ಗಿಡದ ಎಲೆಯಲ್ಲಿ ಒಂದು ಹಳದಿ ಚುಕ್ಕೆ ಬಿದ್ದರೂ ಲೋಕೇಶ ದೂರದಿಂದಲೇ ಹಿಡಿಯುತ್ತಾನೆ. ಮಕ್ಕಳ ತಲೆಯಲ್ಲಿ ಹೇನಿದೆಯೇ ಎಂದು ತಾಯಂದಿರು ವಾರವಾರ ಹುಡುಕುತ್ತಾರೆ. ಹಲ್ಲು ಅಲುಗಿದರೆ ಮನೆಯವರೆಲ್ಲ ಮುಟ್ಟಿ ನೋಡುತ್ತಾರೆ. ಕಣ್ಣಿಗೆ ಮಾತ್ರ ಕಾಡಿಗೆ ಹಚ್ಚಿ, ದೃಷ್ಟಿ ತೆಗೆದು ಮುಗಿಸುತ್ತೇವೆ. ಒಂದು ಕಣ್ಣು ಮುಚ್ಚಿಸಿ, ‘ಆ ಮರದ ಮೇಲೆ ಏನಿದೆ ಹೇಳು’ ಎಂದು ಆಟಕ್ಕಾದರೂ ಕೇಳುತ್ತೇವೆಯೇ? (ಕೇಳಿ. ಆಮೇಲೆ ಇನ್ನೊಂದು ಕಣ್ಣು ಮುಚ್ಚಿಸಿ ಕೇಳಿ. ಉತ್ತರ ಸರಿ ಬಂದರೂ ಶಾಲೆಗೆ ಸೇರಿಸುವ ಮೊದಲು ಒಮ್ಮೆ ಡಾಕ್ಟರಿಗೆ ತೋರಿಸಿ.)

ಕಳೆದ ವಾರ ಕನ್ನಡಕ ಬಂತು. ನೀಲಿ ಫ್ರೇಮ್, ಅವಳದೇ ಆಯ್ಕೆ.

ಮರುದಿನ ಸ್ಟಾಪಿನಲ್ಲಿ ಬಸ್ಸಿನ ಸದ್ದು ಕೇಳಿತು. ಸುಮಾ ಕಣದ ತುದಿಗೆ ಬಂದಳು. ಧನ್ಯ ಎಂದಿನಂತೆ ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು.

“ಟೈಮ್ ಅಜ್ಜಿ, ಅಮ್ಮ ಯಾಕೆ ಸೆರಗಲ್ಲಿ ಕಣ್ಣು ಒರೆಸ್ಕತಾವ್ಳೆ?”

“ಬಿಸಿಲು ಕಣೆ” ಎಂದೆ.

“ಅಮ್ಮಾ!” ಎಂದು ಕೂಗಿ ಧನ್ಯ ಎರಡೂ ಕೈ ಬೀಸಿದಳು. ಬಸ್ ಬಂದು ನಿಂತಿತು. ಡ್ರೈವರ್ ಹಾರ್ನ್ ಹೊಡೆದ. ‘ಬೇಗ ಹತ್ತು’ ಎಂದು ಆವತ್ತು ನಾನು ಹೇಳಲಿಲ್ಲ.

ನಿಮ್ಮ ಮಗುವೂ ದಿನಾ ನಿಮಗೆ ಕೈ ಬೀಸುತ್ತದಲ್ಲ, ನಿಮ್ಮನ್ನು ಕಂಡು ಬೀಸುತ್ತಿದೆಯೇ, ನೀವು ಅಲ್ಲಿದ್ದೀರಿ ಎಂದು ನಂಬಿ ಬೀಸುತ್ತಿದೆಯೇ?