ಕೂಗಿಗೆ ಮುಂಚಿನ ಟಕ್ ಟಕ್

ಗೋಕಾಕದ ನಮ್ಮ ಕಂಪ್ಯೂಟರ್ ಕ್ಲಾಸಿನಲ್ಲಿ ಇವತ್ತು ರಜಿಯಾ ತನ್ನ ಬೆಕ್ಕಿನ ಫೋಟೋದ ಹೆಸರಿನ ಬಾಲ ಕತ್ತರಿಸಿ, ಅಲ್ಲಿ ಪ್ರೋಗ್ರಾಮುಗಳಿಗಿರುವ ಇ-ಎಕ್ಸ್-ಇ ಬಾಲ ಅಂಟಿಸಿ, ಕ್ಲಿಕ್ ಒತ್ತಿದಳು. ಇದನ್ನು ಓಡಿಸಲಾಗದು ಎಂದಿತು ಪರದೆ.

"ಹೆಸರು ಬದಲ್ ಮಾಡೇನಲ್ರಿ ಸರ್, ಇದಕ್ಕೇನ ಸೊಕ್ಕು?"

ನಾನಲ್ಲಿ ಕಲಿಸುವವ, ಅಂದರೆ ನನಗೆ ಕಲಿಸಿದವರ ದನಿಯಲ್ಲಿ ಮಾತಾಡುವವ. ಗಂಟಲು ಸರಿಮಾಡಿಕೊಂಡು ಹೇಳಿದೆ: ವಿಂಡೋಸ್ ಹೆಸರನ್ನಷ್ಟೇ ನಂಬುವುದಿಲ್ಲ. ಫೈಲಿನೊಳಗೆ ಇಣುಕಿ, ಶುರುವಿನಲ್ಲೇ ಎಂ, ಝೆಡ್ ಎಂಬ ಎರಡಕ್ಷರ ಇವೆಯೇ ಎಂದು ನೋಡುತ್ತದೆ. ಇದ್ದರೆ ಮುಂದಿನ ವಿವರ ಓದಿ, ಸರಕನ್ನು ಮೆಮೊರಿಗೆ ಹಾಕಿಕೊಂಡು, ಹೂಂ, ಇಲ್ಲಿಂದ ಶುರು ಮಾಡು ಎನ್ನುತ್ತದೆ. ಹೇಳುತ್ತ ಹೇಳುತ್ತ ನನಗೆ ಮೂಡಲಗಿಯ ಕುರಿಗಳು ನೆನಪಾದವು. ಕ್ಲಾಸಿಗೆ ಹೇಳಿದ್ದನ್ನೇ ನಿಮಗೂ ಹೇಳಿಬಿಡುತ್ತೇನೆ.

ಅಲ್ಲಿ ನಮ್ಮ ಸಿದ್ದಪ್ಪ ಕಾಕಾ ಕುರಿ ಸಾಕಿದವ. ಅವನ "ಹುರ್ರ್ಯಾ... ಬಾ ಬಾ ಬಾ" ಕೂಗನ್ನು ಅಣಕಿಸಿಯೇ ನಾನು ಮದುವೆಮನೆಗಳಲ್ಲಿ ಹೆಚ್ಚಿನ ಹೋಳಿಗೆ ಹಾಕಿಸಿಕೊಂಡವನು. ಕೆಲವು ವರ್ಷಗಳ ಹಿಂದೆ ಗಂಟಲಿನ ಆಪರೇಶನ್ ಆಗಿ ಅವನ ದನಿ ಹೋಯಿತು. ಕುರಿಗಳು ಬೇರೆ ಯಾರ ಮಾತಿಗೂ ಬರಲೊಲ್ಲವು. ಹುಕ್ಕೇರಿ ಸಂತೆಯಲ್ಲಿ ಮಾರಿಬಿಡುವುದೆಂದು ಕಾಕಾನ ಹೆಂಡತಿ, ನಮ್ಮ ಕಾಕು, ತೀರ್ಮಾನಿಸಿದಳು. ಕಾಕಾ ಊಟ ಬಿಟ್ಟು ಕೂತ. ಆಗ ನನಗೆ ಬುಲಾವು.

"ಮಂದಿನೆಲ್ಲಾ ನಗಿಸಿದಿ. ಈಗ ಕುರಿ ಮುಂದ ಮಾಡಿ ತೋರಸು. ಬಂದ್ರ ಇಟ್ಕೋತೀನಿ, ಇಲ್ಲಂದ್ರ ನಾಳಿ ಸಂತಿ," ಎಂದಳು ಕಾಕು.

ಕೂಗಿದೆ. ಖರೆ ಹೇಳಬೇಕೆಂದರೆ ಕಾಕಾನಿಗಿಂತ ಚಂದ ಕೂಗಿದೆ. ಒಂದು ಕುರಿಯೂ ತಲೆ ಎತ್ತಲಿಲ್ಲ. ಮತ್ತೆ ಕೂಗಿದೆ. ಟಗರೊಂದು ಹಿಕ್ಕೆ ಹಾಕಿತು. ಕಾಕಾನಿಗೆ ರೇಗಿತು. ಬೈಯಲು ದನಿಯಿಲ್ಲದೆ ಬಡಿಗೆಯಿಂದ ಕಲ್ಲಿನ ಮೇಲೆ ಟಕ್ ಟಕ್ ಎಂದು ಬಡಿದ. ಅಷ್ಟೂ ತಲೆಗಳು ಮೇಲೆದ್ದವು. ಗಾಬರಿಯಲ್ಲಿ ನಾನು ಕೂಗಿದೆ. ಹಿಂಡಿಗೆ ಹಿಂಡೇ ಬಂದು ನನ್ನ ಪ್ಯಾಂಟು ಮೂಸಿತು.

ಕೂಗುವ ಮೊದಲು ತಾನು ಬಡಿಗೆ ಬಡಿಯುತ್ತಿದ್ದುದು ಕಾಕಾನಿಗೇ ಗೊತ್ತಿರಲಿಲ್ಲ. ನಾನೋ, ಜನ ನಗುವಷ್ಟನ್ನೇ ಕಲಿತಿದ್ದೆ.

"ಕಾಕಾನ ಗಂಟಲಾ ಅಷ್ಟ ಕದ್ದಿ ನೋಡು, ಬಡಿಗಿ ಅಲ್ಲೇ ಬಿಟ್ಟಿ," ಎನ್ನುತ್ತ ಕಾಕು, ಸಂತೆಗೆಂದು ತೆಗೆದಿದ್ದ ಹಗ್ಗವನ್ನು ಸುತ್ತಿ ಅಟ್ಟಕ್ಕೆಸೆದಳು.

ಅಂದಿನಿಂದ ಸಂಜೆಯಾದರೆ ಕಾಕಾ ಬಡಿಗೆ ಬಡಿಯುತ್ತಾನೆ, ಕಾಕು ಫೋನನ್ನು ಸ್ಪೀಕರಿಗೆ ಜೋಡಿಸಿ ಹಿಡಿಯುತ್ತಾಳೆ, ನಾನು ಗೋಕಾಕದಿಂದ ಕೂಗುತ್ತೇನೆ. ರೆಕಾರ್ಡ್ ಮಾಡಿ ಕಳಿಸುತ್ತೇನೆಂದರೆ ಕಾಕಾ ತಲೆಯಾಡಿಸಿ ಒಲ್ಲೆನೆಂದ. ದಿನಾ ನನ್ನ ದನಿ ಕೇಳಬೇಕಂತೆ ಅವನಿಗೆ. ತನ್ನ ದನಿ, ಅಂದರೆ.

ಇವತ್ತೂ ಪಾಠದ ನಡುವೆಯೇ ಫೋನು ಬಂತು. ಅತ್ತಲಿಂದ ಕ್ಲಾಸಿಗೆಲ್ಲ ಕೇಳುವಷ್ಟು ಜೋರಾಗಿ ಟಕ್ ಟಕ್. ಎದ್ದುನಿಂತು ಇಡೀ ಕ್ಲಾಸಿನೆದುರು ಕೂಗಿದೆ. ಫೋನಿಟ್ಟು ರಜಿಯಾಳತ್ತ ತಿರುಗಿ, ನನ್ನದೇ ದನಿಯಲ್ಲಿ ಕೇಳಿದೆ:

"ಈಗ ತಿಳೀತೇನು?"

"ತಿಳೀತ್ರಿ ಸರ್. ಕುರಿ ಬಂದ್ವೋ ಇಲ್ಲೋ ಗೊತ್ತಿಲ್ಲ. ಬಡಿಗಿ ಸಪ್ಪಳಕ್ಕ ನೀವಂತೂ ಎದ್ರಿ."