ಒಂದು ದಿನದ ಬ್ರೇಕ್

ವರ್ಷಕ್ಕೆ ಒಂದು ದಿನ ಶಶಿಕಲಕ್ಕ ನಮ್ಮ ವಿಶ್ವವಿದ್ಯಾಲಯದ ಗೇಟಿನ ಎದುರಿನ ಬೇಕರಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿರುತ್ತಿದ್ದರು. ಗಂಜಿ ಹಾಕಿದ ಕಾಟನ್ ಸೀರೆ, ಮುಡಿಯಲ್ಲಿ ಕನಕಾಂಬರ, ಮುಂದೆ ಕಾಫಿ ಮತ್ತು ಖಾರಾ ಬನ್. ಒಳಗೆ ಫೋನು ಬಡಿದುಕೊಳ್ಳಲಿ, ಪ್ರೊಜೆಕ್ಟರ್ ಕೈಕೊಡಲಿ, ಸಾಕ್ಷಾತ್ ಕುಲಪತಿಗಳೇ ಬರಲಿ, ಅವರು ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. ಉಳಿದ ದಿನಗಳಲ್ಲಿ ನಗರ ಯೋಜನಾ ವಿಭಾಗದ ಒಂದು ಕಿಟಕಿಯೂ ಅವರಿಲ್ಲದೆ ತೆರೆಯುತ್ತಿರಲಿಲ್ಲ.

ಆ ಒಂದು ದಿನದ ಸಂಗತಿ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ಅವರು ವಿಭಾಗದ ಎಕ್ಸಿಕ್ಯುಟಿವ್ ಅಸಿಸ್ಟೆಂಟ್, ನಾನು ಅವರ ಕೈಕೆಳಗಿನ ಗುಮಾಸ್ತೆ. ಡೈರೆಕ್ಟರ ಮೀಟಿಂಗು, ಅತಿಥಿಗಳ ಕಾರು, ವಿದ್ಯಾರ್ಥಿಗಳ ಫೀಲ್ಡ್ ವಿಸಿಟ್ಟು ಎಲ್ಲ ಅವರ ತಲೆಯ ಮೇಲೆ. ಕೆಲಸ ಮಾತ್ರ ಗುತ್ತಿಗೆಯದು. ವರ್ಷ ಮುಗಿಯುತ್ತಲೇ ಒಂದು ದಿನ ಕೆಲಸದಿಂದ ತೆಗೆದು, ಮರುದಿನ ಹೊಸಬರೆಂಬಂತೆ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಅದಕ್ಕೆ ಬ್ರೇಕ್ ಎಂದು ಹೆಸರು. ನಡುವೆ ಒಂದು ದಿನ ಕತ್ತರಿಸಿದರೆ ಸೇವೆ ಸತತವಲ್ಲ. ಸತತವಲ್ಲದಿದ್ದರೆ ಖಾಯಂ ಮಾಡಿ ಎಂದು ಯಾರೂ ಕೇಳುವಂತಿಲ್ಲ. ಎಂಥಾ ತಲೆ ಮಾರಾಯ್ರೆ! ಇದನ್ನು ಕಂಡುಹಿಡಿದವನು ಎಲ್ಲಿದ್ದಾನೋ, ಅವನಿಗೆ ರಾತ್ರಿ ನಿದ್ದೆ ಹೇಗೆ ಬರುತ್ತದೋ.

ನಾವು ಉಳಿದ ಗುತ್ತಿಗೆಯವರು ನಮ್ಮ ನಮ್ಮ ಬ್ರೇಕಿನ ದಿನವೂ ಬಾಯಿ ಮುಚ್ಚಿಕೊಂಡು ಬಂದು ಬಿಟ್ಟಿ ದುಡಿಯುತ್ತಿದ್ದೆವು. ಶಶಿಕಲಕ್ಕ ಮಾತ್ರ ಬೇಕರಿಗೆ ಬರುತ್ತಿದ್ದರು. ಒಮ್ಮೆ ಡೈರೆಕ್ಟರೇ ರಸ್ತೆ ದಾಟಿ ಓಡಿಬಂದರು. ಹಿಂದೆಯೇ ಫೈಲು ಹಿಡಿದು ನಾನು.

"ಶಶಿಕಲಾ, ಸೆಮಿನಾರ್ ಹಾಲ್ ಕೀ ಯಾರ ಹತ್ರ ಇದೆ? ಗೆಸ್ಟ್ಸ್ ಬಂದ್ಬಿಟ್ಟಿದಾರೆ."

"ಇವತ್ತು ನಾನು ಪಬ್ಲಿಕ್ ಸಾರ್. ಕೂತ್ಕೊಳಿ, ಕಾಫಿ ಕುಡೀತೀರಾ?"

"ತಮಾಷೆ ಮಾಡೋ ಟೈಮಾ ಇದು?"

"ತಮಾಷೆ ಶುರು ಮಾಡಿದ್ದು ನಾನಲ್ಲ ಸಾರ್. ಇವತ್ತು ನನ್ನ ಕೆಲಸದಿಂದ ತೆಗ್ದಿರೋರು ನೀವು. ನಾಳೆ ಸೇರಿಸ್ಕೊಳಿ, ನಾಳೆ ಹೇಳ್ತೀನಿ."

ಬೀಗ ಒಡೆಸಿದರು. ಮರುದಿನ ಹೊಸ ಬೀಗ ತಂದು ಹಾಕಿಸಿದವರೂ ಶಶಿಕಲಕ್ಕನೇ.

ಅವರು ಮೃದು ಸ್ವಭಾವದವರೇನಲ್ಲ. ಮೇಜಿನ ಮೇಲೊಂದು ಪುಟ್ಟ ಬುದ್ಧನ ಮೂರ್ತಿ ಇಟ್ಟುಕೊಂಡಿದ್ದರು. ಹೊಸ ಪ್ರೊಫೆಸರೊಬ್ಬರು ಅದನ್ನು ಎತ್ತಿ ತಿರುಗಿಸಿ ನೋಡಿ, "ವಾವ್, ಎಲ್ಲಿ ತಗೊಂಡ್ರಿ? ನಮ್ಮ ಬಾಲ್ಕನಿಗೂ ಒಂದು ಬೇಕು," ಎಂದರು. "ಇದು ಶೋಪೀಸ್ ಅಲ್ಲ ಸಾರ್. ನಮ್ಮಪ್ಪ ಕೊಟ್ಟಿದ್ದು, ನಾವು ಕೈ ಮುಗಿಯೋದು. ಕೆಳಗಿಡಿ," ಎಂದರು ಶಶಿಕಲಕ್ಕ. ಆ ಮನುಷ್ಯ ಇಟ್ಟ ರಭಸಕ್ಕೆ ನನಗೆ ನಗು ತಡೆಯಲಾಗಲಿಲ್ಲ.

ಇಂಥ ಖಡಕ್ ಹೆಂಗಸು ಒಂದು ಮಾತನ್ನು ಮಾತ್ರ ನಂಬಿಬಿಟ್ಟಿದ್ದರು. ಪ್ರತಿ ಬ್ರೇಕಿನ ಮರುದಿನ ಡೈರೆಕ್ಟರು, "ಮುಂದಿನ ವರ್ಷ ನಿಮ್ದು ಪರ್ಮನೆಂಟ್ ಮಾಡಿಸ್ತೀನಿ ಶಶಿಕಲಾ, ನನ್ ಜವಾಬ್ದಾರಿ," ಎನ್ನುತ್ತಿದ್ದರು. ಚಿಕ್ಕಲಸಂದ್ರದ ಮನೆಯಲ್ಲಿ ಅಕ್ಕ ಮತ್ತು ಅವರ ತಾಯಿ, ಇಬ್ಬರೇ. ತಾಯಿಗೆ ಎರಡೂ ಮಂಡಿ ಹೋಗಿತ್ತು. "ಪರ್ಮನೆಂಟ್ ಆದ್ರೆ ಆಸ್ಪತ್ರೆ ಖರ್ಚು ಅವ್ರೇ ಕೊಡ್ತಾರೆ ಕಣೆ ರೂಪಾ. ಅಮ್ಮನ ಆಪರೇಷನ್ ಮಾಡಿಸಿ, ಲಾಲ್‌ಬಾಗ್ ಪೂರ್ತಿ ನಡೆಸ್ತೀನಿ," ಎನ್ನುವಾಗ ಅವರ ದನಿಯೇ ಬೇರೆಯಾಗುತ್ತಿತ್ತು.

ಆಮೇಲೆ ಆ ಊಟದ ಗಲಾಟೆಯಾಯಿತು. 'ಎಲ್ಲರ ನಗರ' ಎಂಬ ಹೆಸರಿನಲ್ಲಿ ಬೀದಿ ವ್ಯಾಪಾರಿಗಳ ಜೊತೆ ಒಂದು ಸಂವಾದ. ಜಯನಗರದ ಫುಟ್‌ಪಾತ್‌ನಿಂದ ಹೂ ಮಾರುವವರು, ಸೊಪ್ಪು ಮಾರುವವರು ಒಂದು ದಿನದ ವ್ಯಾಪಾರ ಬಿಟ್ಟು ಬಂದಿದ್ದರು. ಬೆಳಿಗ್ಗೆಯೆಲ್ಲ ಘನತೆ, ಸಮಾನತೆ ಎಂದು ಭಾಷಣ. ಮಧ್ಯಾಹ್ನ ನೋಡಿದರೆ ಗಣ್ಯರಿಗೆ ಎಸಿ ರೂಮಿನಲ್ಲಿ ಬಫೆ, ವ್ಯಾಪಾರಿಗಳಿಗೆ ಹಿಂದಿನ ಮೆಟ್ಟಿಲ ಮೇಲೆ ಪುಳಿಯೋಗರೆ ಪೊಟ್ಟಣ! ಅಕ್ಕನಿಗೆ ತಿಳಿಸದೆ ಡೈರೆಕ್ಟರೇ ಮಾಡಿದ್ದ ಏರ್ಪಾಡು.

ಅಕ್ಕ ಅಡುಗೆಯವರನ್ನು ಕರೆದು ಬಫೆಯ ಪಾತ್ರೆಗಳನ್ನೆಲ್ಲ ಅಂಗಳಕ್ಕೆ ಹೊರಿಸಿದರು. "ಅಮ್ಮಾ, ಅಣ್ಣಾ, ಎಲ್ರೂ ತಟ್ಟೆ ತಗೊಳಿ," ಎಂದು ಕರೆದು, ಉಳಿದ ಪೊಟ್ಟಣಗಳಲ್ಲಿ ಒಂದನ್ನು ಡೈರೆಕ್ಟರ ಕೈಗಿಟ್ಟರು.

"ಏನ್ರೀ ಇದು?"

"ಊಟ ಸಾರ್. ಇದೂ ಊಟಾನೇ ಅಂತ ತಾನೇ ತರ್ಸಿದ್ದು ನೀವು?"

ಸೊಪ್ಪು ಮಾರುವ ಅಜ್ಜಿಯೊಬ್ಬರು ಜಾಮೂನು ತಿನ್ನುತ್ತಾ ಗಹಗಹಿಸಿ ನಕ್ಕರು. ಡೈರೆಕ್ಟರ ಮುಖ ಹುಳ್ಳಗಾಯಿತು. ಪೊಟ್ಟಣ ಮಾತ್ರ ಬಿಚ್ಚಲಿಲ್ಲ.

ಮುಂದಿನ ತಿಂಗಳೇ ಬ್ರೇಕ್. ಅಕ್ಕ ಎಂದಿನಂತೆ ಬೇಕರಿಯಲ್ಲಿ ಕೂತರು. ಮರುದಿನ ಗೇಟಿನಲ್ಲಿ ಕಾರ್ಡ್ ತೋರಿಸಿದರೆ ಕೆಂಪು ದೀಪ ಹತ್ತಿತು. ಸೆಕ್ಯುರಿಟಿಯವರು ತಲೆ ತಗ್ಗಿಸಿ, "ಆರ್ಡರ್ ಬಂದಿಲ್ವಂತೆ ಅಕ್ಕಾ. ಬ್ರೇಕ್ ಮುಂದುವರ್ಸಿದಾರಂತೆ," ಎಂದರು. ಅಂದಿನಿಂದ ಆ ದೀಪ ಅವರಿಗೆ ಹಸಿರಾಗಲೇ ಇಲ್ಲ.

ನಾವು ಬೀಳ್ಕೊಡುಗೆಯನ್ನಾದರೂ ಮಾಡೋಣವೆಂದು ಕೇಳಿದರೆ ಡೈರೆಕ್ಟರು ತಣ್ಣಗೆ, "ಅವರು ಕೆಲಸ ಬಿಟ್ಟಿಲ್ವಲ್ಲಮ್ಮ, ಬ್ರೇಕಲ್ಲಿದಾರೆ. ಬ್ರೇಕಲ್ಲಿರೋರಿಗೆ ಸೆಂಡ್ ಆಫ್ ಮಾಡೋಕೆ ಆಗಲ್ಲ," ಎಂದರು. ಥೂ! ಆ ಕ್ಷಣಕ್ಕೆ ಮೇಜಿನ ಮೇಲಿದ್ದ ನೀರಿನ ಜಗ್ಗನ್ನು ಎತ್ತಿ ಅವರ ತಲೆಯ ಮೇಲೆ ಸುರಿಯಬೇಕೆನಿಸಿತು. ಇವತ್ತಿಗೂ ಅನಿಸುತ್ತದೆ. ಇದೇ ಬಾಯಲ್ಲಿ ಅವರು ಒಕ್ಕಲೆಬ್ಬಿಸುವುದರ ಬಗ್ಗೆ ಪಾಠ ಮಾಡುತ್ತಾರೆ, ಪಾಠ ಮಾಡುವಾಗ ಕಣ್ಣಲ್ಲಿ ನೀರೂ ಬರುತ್ತದೆ.

ಅಕ್ಕ ಕಾರ್ಮಿಕ ಇಲಾಖೆಗೆ ಅಲೆದರು. ಅಲ್ಲಿ ವಿಶ್ವವಿದ್ಯಾಲಯದ ವಕೀಲರು ಆ ಒಂದೊಂದು ದಿನವನ್ನೂ ಎತ್ತಿ ತೋರಿಸಿ, ಇದು ಸತತ ಸೇವೆಯೇ ಅಲ್ಲ ಎಂದರು. ಆಮೇಲೆ ಅಕ್ಕ ಅಲೆಯುವುದನ್ನು ಬಿಟ್ಟರು.

ಕೊನೆಯ ಸಲ ನೋಡಿದ್ದು ಗಿರಿನಗರದಲ್ಲಿ, ಅವರು ಈಗ ಕೆಲಸ ಮಾಡುವ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ. ಬುದ್ಧ ಅಲ್ಲೂ ಮೇಜಿನ ಮೇಲಿದ್ದ. ಅಮ್ಮ ಹೇಗಿದ್ದಾರೆ ಎಂದು ಕೇಳಿದೆ.

"ಹಾಸಿಗೆ ಹಿಡಿದಿದಾರೆ ಕಣೆ. ಲಾಲ್‌ಬಾಗ್ ಮಾತು ಎತ್ತೋದೇ ಬಿಟ್ಬಿಟ್ರು." ಪೇಷಂಟ್ ಒಬ್ಬರ ಹೆಸರು ಕೂಗಿ, ಮತ್ತೆ ನನ್ನ ಕಡೆ ತಿರುಗಿದರು. "ನನ್ನ ಸೀಟಲ್ಲಿ ನಿನ್ನ ಕೂರಿಸಿದಾರಂತೆ. ಕೂತ್ಕೋ, ತಪ್ಪಿಲ್ಲ. ಬ್ರೇಕ್ ದಿನ ಮಾತ್ರ ಒಳಗೆ ಹೋಗ್ಬೇಡ."

ಮೊನ್ನೆ ನನ್ನ ಬ್ರೇಕ್ ಇತ್ತು. ಹೋಗಲಿಲ್ಲ. ಬೇಕರಿಯಲ್ಲಿ ಅಕ್ಕ ಕೂರುತ್ತಿದ್ದ ಜಾಗದಲ್ಲೇ ಕೂತು ಕಾಫಿ ಹೇಳಿದೆ. ಹನ್ನೊಂದರ ಹೊತ್ತಿಗೆ ಡೈರೆಕ್ಟರು ರಸ್ತೆ ದಾಟಿ ಬಂದರು. ಒಳಗೆ ಯಾರೋ ದೊಡ್ಡವರು ಬಂದು ಕೂತಿದ್ದಾರಂತೆ, ಫೈಲು, ಕೀ ಏನೂ ಸಿಗುತ್ತಿಲ್ಲವಂತೆ. ನನ್ನನ್ನು ಬಾ ಎಂದು ಕರೆದರು, ನಾನು ಏಳಲಿಲ್ಲ.

"ಹೋಗ್ಲಿ, ಆ ಶಶಿಕಲಾ ನಂಬರ್ ಆದ್ರೂ ಕೊಡಮ್ಮ. ಫೋನ್ ಮಾಡಿ ಕೇಳ್ತೀನಿ. ಅವ್ರಿಗೆ ಎಲ್ಲಾ ಗೊತ್ತಿರುತ್ತೆ."

"ಅವರು ಇನ್ನೂ ಬ್ರೇಕಲ್ಲಿದಾರಲ್ಲ ಸಾರ್," ಎಂದೆ.